ಮುಳ್ಳು ಒತ್ತದ ಗಾಳ

ನಮ್ಮ ಮನೆಯಲ್ಲಿ ಮೀನು ಹಿಡಿಯುವುದಕ್ಕೆ ಮೂರು ಷರತ್ತುಗಳಿದ್ದವು. ಮೂರನ್ನೂ ಹಾಕಿದವಳು ಅವ್ವ. ಎರೆಹುಳ ಮುಟ್ಟಬಾರದು, ಹಿಡಿದ ಮೀನನ್ನು ಜೀವಂತವಾಗಿ ನೀರಿಗೇ ಬಿಡಬೇಕು, ಬಂದವರು ಹೊರಗಿನ ನಲ್ಲಿಯಲ್ಲಿ ಕೈಕಾಲು ತೊಳೆದೇ ಒಳಗೆ ಬರಬೇಕು. ಮೊಟ್ಟೆಯೂ ಹೊಸ್ತಿಲು ದಾಟದ ಧಾರವಾಡದ ಕಡೆಯ ಮನೆತನ ನಮ್ಮದು. ಅಂಥದರಲ್ಲಿ ಅಪ್ಪನಿಗೆ ಈ ಹುಚ್ಚು ಹತ್ತಿದ್ದು ಪುಣೆಯ ಹತ್ತಿರದ ದೇಹೂ ರೋಡಿನಲ್ಲಿ. ಅಲ್ಲಿನ ಮಿಲಿಟರಿ ಡಿಪೋದಲ್ಲಿ ಅವನು ಗುಮಾಸ್ತ. ಒಬ್ಬ ಸುಬೇದಾರ ಭಾನುವಾರಗಳಂದು ಅವನನ್ನು ಕೆರೆಗೆ ಕರೆದೊಯ್ದು, ಕೈಗೆ ಕೋಲು ಕೊಟ್ಟು ಕೂರಿಸುತ್ತಿದ್ದನಂತೆ. ಸುಬೇದಾರ ಬೇರೆ ಊರಿಗೆ ವರ್ಗವಾಗಿ ಹೋದ, ಕೋಲು ನಮ್ಮ ಮನೆಯಲ್ಲಿ ಉಳಿಯಿತು.

ಅಪ್ಪ ಅವ್ವನ ಷರತ್ತುಗಳಿಗೆ ತನ್ನದೂ ಒಂದನ್ನು ಸೇರಿಸಿದ. ಗಾಳದ ಮೊನೆಯ ಹಿಂದೆ, ಬಾಯಿಗೆ ಚುಚ್ಚಿದ್ದು ಜಾರಿಹೋಗದಂತೆ, ಹಿಮ್ಮುಖವಾಗಿ ಚಾಚಿದ ಸಣ್ಣ ಮುಳ್ಳೊಂದು ಇರುತ್ತದೆ. ಹೊಸ ಗಾಳ ತಂದ ದಿನವೇ ಅಪ್ಪ ಇಕ್ಕಳದಿಂದ ಆ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಬಿಡುತ್ತಿದ್ದ. ಮೀನಿನ ಬಾಯಿ ಹರಿಯಬಾರದು ಎಂದು. ಅರ್ಧಕ್ಕರ್ಧ ಮೀನು ದಡಕ್ಕೆ ಬರುವ ಮೊದಲೇ ಕಳಚಿಕೊಂಡು ಹೋಗುತ್ತಿದ್ದವು. ಜೊತೆಯಲ್ಲಿ ಬಂದ ಗೆಳೆಯರು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ.

ಹುಳದ ಬದಲು ಅವ್ವ ಉಂಡೆ ಮಾಡಿಕೊಡುತ್ತಿದ್ದಳು. ತುಪ್ಪದಲ್ಲಿ ಹುರಿದ ಗೋಧಿ ಹಿಟ್ಟು, ಬೆಲ್ಲ, ಮೇಲಿಷ್ಟು ಏಲಕ್ಕಿ ಪುಡಿ.

"ಮೀನಿಗೆ ಏಲಕ್ಕಿ ಯಾಕ ಬೇ?" ಎಂದು ನಾನು ಕೇಳಿದರೆ, "ಯಾಕ, ಅದಕ್ಕ ನಾಲಿಗಿ ಇಲ್ಲೇನು?" ಎನ್ನುತ್ತಿದ್ದಳು.

ನಾಲಿಗೆ ನಮಗೂ ಇತ್ತು. ಡಬ್ಬಿಯ ಉಂಡೆಯಲ್ಲಿ ಮುಕ್ಕಾಲು ಪಾಲು ನಾನೂ ತಂಗಿಯೂ ತಿನ್ನುತ್ತಿದ್ದೆವು. ಬರೀ ತಿಂದರೆ ಏನು ಮಜಾ ಎಂದು ಅಪ್ಪ ಅದಕ್ಕೊಂದು ಆಟ ಹುಡುಕಿದ. ಹೊಲಿಗೆ ದಾರದ ತುದಿಗೆ ಗಾಳವಿಲ್ಲದ ಬರೀ ಉಂಡೆ ಅಂಟಿಸಿ ಕೋಲಿನಿಂದ ಇಳಿಬಿಡುವುದು, ನಾವು ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಅದನ್ನು ಹಿಡಿಯುವುದು. ಅದಕ್ಕೆ ನಮ್ಮ ಮನೆಯಲ್ಲಿ ಮೀನಾಗುವುದು ಎಂದು ಹೆಸರು. "ಯಾರು ಮೀನಾಗ್ತೀರಿ?" ಎಂದು ಅಪ್ಪ ಕೂಗಿದರೆ ಸಾಕು, ಜಗಳ ಶುರುವಾಗುತ್ತಿತ್ತು. ಮಕ್ಕಳ ದಾರಕ್ಕೆ ಗಾಳ ಕಟ್ಟಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಮಕ್ಕಳ ದಾರವೆಂದರೆ ಅದರಲ್ಲಿ ಗಾಳ ಇರುವುದಿಲ್ಲ, ಅಷ್ಟೇ.

ಅಪ್ಪ ಹೋದ ಮೇಲೂ ನಾನು ಆ ಪದ್ಧತಿ ಬಿಡಲಿಲ್ಲ. ನನ್ನ ಆಫೀಸಿನ ಗೆಳೆಯನೊಬ್ಬ ಇಂದಾಪುರದ ಕಡೆಯವನು. ಅವನ ಕಬ್ಬಿನ ಹೊಲದ ಕೆಳಗಿನ ತುದಿಗೆ ಅಣೆಕಟ್ಟಿನ ಹಿನ್ನೀರು ಬಂದು ತಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಪುಣೆಯ ಮಗರಪಟ್ಟಾದ ನಮ್ಮ ಫ್ಲ್ಯಾಟಿನಿಂದ ನಾನು, ನನ್ನ ಮಗಳು, ತಂಗಿ, ಅವಳ ಗಂಡ, ಅವರ ಮಗ ಎಲ್ಲರೂ ಒಂದೇ ಕಾರಿನಲ್ಲಿ ತುರುಕಿಕೊಂಡು ಹೋಗುತ್ತಿದ್ದೆವು. ಹೆಂಡತಿಗೆ ಅಷ್ಟು ದೂರ ಕೂತು ಬರುವ ತಾಳ್ಮೆಯಿಲ್ಲ. ಅವಳು ಅವ್ವನ ಜೊತೆ ಮನೆಯಲ್ಲಿ ಉಳಿಯುತ್ತಿದ್ದಳು. ಮಧ್ಯಾಹ್ನ ಅವ್ವನ ಫೋನ್ ತಪ್ಪದೆ ಬರುತ್ತಿತ್ತು. ಎಷ್ಟು ಹಿಡಿದಿರಿ ಎಂದು ಅವಳು ಒಂದು ಸಲವೂ ಕೇಳಿದವಳಲ್ಲ. "ಎಷ್ಟು ಬಿಟ್ರಿ?" ಎಂದೇ ಕೇಳುತ್ತಿದ್ದಳು.

ತಂಗಿಯ ಮಗನ ಬಗ್ಗೆ ಹೇಳಬೇಕು. ಲಗ್ನವಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದವನು. ಅಷ್ಟು ವರ್ಷ ನನ್ನ ತಂಗಿ ಯಾವ ಡಾಕ್ಟರನ್ನೂ ಯಾವ ದೇವರನ್ನೂ ಬಿಟ್ಟವಳಲ್ಲ. ನನ್ನ ಮಗಳಿಗೆ ಒಂಬತ್ತು, ಅವನಿಗೆ ಆಗ ನಾಲ್ಕು. ಅವನು ನನ್ನ ತೊಡೆಯ ಮೇಲೆ ಕೂತು "ಮಾಮಾ" ಎಂದರೆ ನಾನು ಕರಗಿಹೋಗುತ್ತಿದ್ದೆ. ಅವನಿಗೆ ಇಲ್ಲ ಎನ್ನುವುದು ನನ್ನಿಂದ ಆಗುತ್ತಿರಲಿಲ್ಲ. ನನ್ನ ಮುಂಗೋಪಕ್ಕೆ ಹೆದರದವರು ಮನೆಯಲ್ಲಿ ಇಬ್ಬರೇ, ಅವ್ವ ಮತ್ತು ಅವನು.

ಆ ಬೇಸಿಗೆಯಲ್ಲಿ ಮಕ್ಕಳಿಬ್ಬರೂ ಮೊಬೈಲಿನಲ್ಲಿ ಏನನ್ನೋ ನೋಡಿದರು. ಯಾವುದೋ ಚಳಿ ದೇಶ. ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ಕುಟುಂಬ ಸ್ಟೂಲು ಹಾಕಿಕೊಂಡು ಕೂತಿದೆ. ಐಸಿನಲ್ಲಿ ತೂತು ಕೊರೆದು, ತೂತಿನೊಳಗೆ ಗಾಳ ಇಳಿಬಿಟ್ಟು, ಚೋಟುದ್ದದ ಮಕ್ಕಳು ಮೀನು ಎಳೆಯುತ್ತಿದ್ದಾರೆ. ಶುರುವಾಯಿತು ಹಟ. ನಾವೂ ಐಸಿನಲ್ಲಿ ಮೀನು ಹಿಡಿಯಬೇಕು. ಮೇ ತಿಂಗಳು, ಪುಣೆ! ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡುತ್ತಿದ್ದರು. ನಾನು ಗೆಳೆಯನಿಗೆ ಫೋನ್ ಮಾಡಿದೆ. ಅವರ ಊರಿನ ಹತ್ತಿರ ಮೀನಿನ ವ್ಯಾಪಾರಿಗಳಿಗಾಗಿ ಐಸ್ ಮಾಡುವ ಕಾರ್ಖಾನೆಯಿದೆ. ನಾವು ಹೋಗುವಷ್ಟರಲ್ಲಿ ಅವನು ಗೋಣಿಚೀಲದಲ್ಲಿ ಸುತ್ತಿದ, ಹಾಸುಗಲ್ಲಿನಂಥ ಐಸ್ ಲಾದಿಯೊಂದನ್ನು ತಂದು ಬೇವಿನ ಮರದ ನೆರಳಲ್ಲಿ ಇಟ್ಟಿದ್ದ.

ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿದೆವು. ಲಾದಿ ಒಡೆದು ಒಂದು ತುಂಡನ್ನು ಅದರ ಬಾಯಿಗೆ ಅಡ್ಡ ಇಟ್ಟೆವು. ಕಾಯಿಸಿದ ಕಬ್ಬಿಣದ ಸಲಾಕೆಯಿಂದ ನಾನೇ ನಡುವೆ ಅಂಗೈಯಗಲದ ತೂತು ಮಾಡಿದೆ. ಮಕ್ಕಳು ಐಸಿನ ಚೂರುಗಳನ್ನು ಬಾಯಿಗೆ ಹಾಕಿಕೊಂಡು ಕುಣಿದರು. ಗೆಳೆಯ ಬೆಳಿಗ್ಗೆ ಹಿಡಿದಿದ್ದ ಎರಡು ಸಣ್ಣ ಚಿಲಾಪಿ ಮೀನು ಟಬ್ಬಿನಲ್ಲಿ ಓಡಾಡುತ್ತಿದ್ದವು. ತಂಗಿ ಚಾಪೆ ಹಾಸಿ ಬುತ್ತಿ ಬಿಚ್ಚುತ್ತಿದ್ದಳು. ಮಕ್ಕಳು ಎಂದಿನ ಹಾಗೆ ಬರೀ ಉಂಡೆಯ ದಾರವನ್ನು ತೂತಿನೊಳಗೆ ಬಿಟ್ಟರು.

ಮೀನು ಬಂದು ಉಂಡೆ ಕಿತ್ತುಕೊಂಡು ಹೋದವು. ಮತ್ತೆ ಬಿಟ್ಟರು, ಮತ್ತೆ ಹೋಯಿತು. ಹುಡುಗ ತುಟಿ ಉಬ್ಬಿಸಿಕೊಂಡು ನನ್ನ ಹತ್ತಿರ ಬಂದ.

"ಮಾಮಾ, ಮೊಬೈಲಿನ್ಯಾಗಿನ ಆ ಹುಡುಗನ ದಾರಕ್ಕ ಮೀನು ಬಂತು. ನನ್ನ ದಾರಕ್ಕ ಯಾಕ ಬರೂದಿಲ್ಲ?"

ಬರುವುದಿಲ್ಲ ಕಂದಾ, ನಿನ್ನ ದಾರದಲ್ಲಿ ಗಾಳವಿಲ್ಲ ಎಂದು ಹೇಳಬಹುದಿತ್ತು. ನಾನು ಹಾಗೆ ಹೇಳಲಿಲ್ಲ. ಅಪ್ಪನ ತಗಡಿನ ಡಬ್ಬಿಯಿಂದ ಎಲ್ಲಕ್ಕಿಂತ ಸಣ್ಣ ಗಾಳ ಹುಡುಕಿ, ಯಾರಿಗೂ ಹೇಳದೆ, ಅವನ ದಾರಕ್ಕೆ ಕಟ್ಟಿದೆ. ಅದು ನಾನೇ ತಂದ ಹೊಸ ಗಾಳ, ಇನ್ನೂ ಮುಳ್ಳು ಒತ್ತಿರಲಿಲ್ಲ. ಇಕ್ಕಳ ಅದೇ ಡಬ್ಬಿಯಲ್ಲಿತ್ತು. ಕೈಗೆ ತೆಗೆದುಕೊಂಡವನು ಮತ್ತೆ ಕೆಳಗಿಟ್ಟೆ. ಒಂದೇ ಒಂದು ಮೀನು, ಅದೂ ಜಾರಿಹೋದರೆ ಹುಡುಗ ಅಳುತ್ತಾನೆ ಎಂದುಕೊಂಡೆ. ಗಾಳದ ಸುತ್ತ ಉಂಡೆ ಮೆತ್ತಿ, ಕೋಲನ್ನು ಟಬ್ಬಿಗೆ ಒರಗಿಸಿ, ಇನ್ನೆರಡು ಮೀನು ತರೋಣವೆಂದು ಬಕೆಟ್ ಹಿಡಿದು ದಡಕ್ಕೆ ಇಳಿದೆ.

ಬಹಳ ದೂರ ಹೋಗಿರಲಿಲ್ಲ. ಮಗಳ ದನಿ ಕೇಳಿಸಿತು. "ಯಾರು ಮೀನಾಗ್ತೀರಿ?"

ಆ ಮಾತು ನನ್ನ ಕಿವಿಗೆ ಬಿತ್ತು. ಬಿದ್ದೂ ನಾನು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದೆ. ಹುಟ್ಟಿದಾಗಿನಿಂದ ಕೇಳಿದ ಮಾತು ಅದು, ಅದರಲ್ಲಿ ಅಪಾಯವೆಂಬುದು ಇರಬಹುದು ಎಂದು ತಲೆಗೆ ಹೋಗಲೇ ಇಲ್ಲ. ತಲೆಗೆ ಹೋದಾಗ ಬಕೆಟ್ ಅಲ್ಲೇ ಬಿಸಾಕಿ ಓಡಿದೆ.

ನಾನು ತಲುಪಿದಾಗ ಹುಡುಗ ಕೆಮ್ಮುತ್ತಿದ್ದ. ತಂಗಿ ಅವನ ಬೆನ್ನು ತಟ್ಟುತ್ತಿದ್ದಳು. ಯಾರಿಗೂ ಗಾಬರಿಯಿರಲಿಲ್ಲ. ಬೆಳಗಿನಿಂದ ಮಕ್ಕಳು ಐಸ್ ಜಗಿಯುತ್ತಲೇ ಇದ್ದರಲ್ಲ. "ಬರ್ಫ್ ಅಡಕಲಾ ಅಸೇಲ" ಎಂದ ಗೆಳೆಯ, ಐಸ್ ಚೂರು ಸಿಕ್ಕಿಕೊಂಡಿರಬೇಕು ಎಂದು. "ಕರಗಿ ಹೋಗ್ತದ ಬಿಡು" ಎಂದಳು ತಂಗಿ, ಮಗನ ಕಣ್ಣು ಒರೆಸುತ್ತ. ಮಗಳ ಕೈಯಲ್ಲಿ ಕೋಲು ಇತ್ತು. ಅದರಿಂದ ಇಳಿದ ದಾರದ ತುದಿಯಲ್ಲಿ ಏನೂ ಇರಲಿಲ್ಲ.

ಹೊಲಿಗೆ ದಾರ. ಹಲ್ಲಿಗೆ ಸಿಕ್ಕಿ ಹರಿದಿತ್ತು.

ನಾನು ಮಾಡಿದ್ದೇನು ಎಂದು ಇಲ್ಲಿ ನೇರವಾಗಿ ಬರೆಯುತ್ತೇನೆ. ಕೂಗಲಿಲ್ಲ. ಹುಡುಗನ ಬಾಯಿ ತೆರೆದು ನೋಡಲಿಲ್ಲ. ಟಬ್ಬಿನ ಮುಂದೆ ಮೊಣಕಾಲೂರಿ, ಐಸಿನ ತೂತಿನೊಳಗೆ ಬಲಗೈ ತೂರಿಸಿ, ತಳದಲ್ಲಿ ಗಾಳ ಹುಡುಕತೊಡಗಿದೆ. ಗಾಳ ನೀರಿನಲ್ಲಿ ಬಿದ್ದಿರಬೇಕು. ಬಿದ್ದೇ ಇರಬೇಕು. ಸಿಕ್ಕಿಬಿಟ್ಟರೆ ಜೇಬಿಗೆ ಹಾಕಿಕೊಂಡು ಎದ್ದುಬಿಡುತ್ತೇನೆ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಮೀನು ಬೆರಳಿಗೆ ತಾಗಿ ಸರಿದು ಹೋಗುತ್ತಿದ್ದವು. ಉಂಡೆಯ ಹಿಟ್ಟು ಕೈಗೆ ಸಿಗುತ್ತಿತ್ತು, ಹಿಸುಕಿ ನೋಡುತ್ತಿದ್ದೆ, ಬರೀ ಹಿಟ್ಟು. ಕೈ ಮರಗಟ್ಟಿತು. ಆಮೇಲೆ ಬೆರಳಿಗೆ ಏನು ತಾಗಿದರೂ ತಿಳಿಯದಂತಾಯಿತು. ಆದರೂ ಹುಡುಕಿದೆ.

"ಏನ್ ಹುಡುಕ್ಲಿಕತ್ತೀ ಅಣ್ಣಾ?" ಎಂದಳು ತಂಗಿ ಹಿಂದಿನಿಂದ.

"ಏನಿಲ್ಲ" ಎಂದೆ.

ಕೆಮ್ಮು ನಿಂತಿತ್ತು. ಹುಡುಗ ಸುಮ್ಮನಾಗಿದ್ದ. ಅದನ್ನು ಕೇಳಿ ನನಗೆ ಒಂದು ಕ್ಷಣ ಸಮಾಧಾನವೂ ಆಯಿತು. ತಿರುಗಿ ನೋಡಿದರೆ ಅವನು ಕತ್ತು ಮುಂದೆ ಚಾಚಿಕೊಂಡು ಕೂತಿದ್ದ, ಬಾಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ಅವನು ಉಗುಳು ನುಂಗುತ್ತಿರಲಿಲ್ಲ. ತಂಗಿಯ ಗಂಡ ಬಾಳೆಹಣ್ಣು ಸುಲಿಯುತ್ತಿದ್ದ. ಗಂಟಲಲ್ಲಿ ಏನು ಸಿಕ್ಕಿದರೂ ನಮ್ಮವರಿಗೆ ಗೊತ್ತಿರುವ ಮದ್ದು ಅದೊಂದೇ.

"ಆ ಮಾಡಪಾ. ಒಂದ ಸಲ ನುಂಗು, ಎಲ್ಲಾ ಕೆಳಗ ಇಳೀತದ."

ಹುಡುಗ ಬಾಯಿ ತೆರೆದ.

"ಕೊಡಬ್ಯಾಡ್ರೀ!" ಎಂದು ನಾನು ಕಿರಿಚಿದೆ. "ಕೊಡಬ್ಯಾಡ್ರಿ, ಗಾಳ ಅದ. ಒಳಗ ಗಾಳ ಅದ."

"ಯಾವ ಗಾಳ?" ಎಂದಳು ತಂಗಿ. ಅವಳ ಮುಖದಲ್ಲಿ ಇನ್ನೂ ಅರ್ಧ ನಗು ಇತ್ತು. "ಹುಡುಗರ ದಾರಕ್ಕ ಗಾಳ ಎಲ್ಲಿರ್ತದ?"

"ನಾ ಕಟ್ಟಿದ್ದೆ."

ಆ ನಗು ಅವಳ ಮುಖದಿಂದ ಇಳಿದುಹೋದದ್ದನ್ನು ನಾನು ನೋಡಿದೆ. ಅವಳು ಮಗನನ್ನು ಎತ್ತಿಕೊಂಡು ಕಾರಿನ ಕಡೆ ಓಡಿದಳು. ಚಪ್ಪಲಿ ಚಾಪೆಯ ಹತ್ತಿರವೇ ಉಳಿದವು.

ಕಾರು ಗೆಳೆಯ ಓಡಿಸಿದ. ನನ್ನ ಬಲಗೈ ಕೀಲಿಯನ್ನೂ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಇಂದಾಪುರದ ಡಾಕ್ಟರು ಎಕ್ಸ್‌ರೇ ತೆಗೆದರು. ಫಿಲ್ಮನ್ನು ಬೆಳಕಿಗೆ ಹಿಡಿದಾಗ, ಅವನ ಸಣ್ಣ ಕತ್ತಿನ ಎಲುಬುಗಳ ಮುಂದೆ ಅದು ಸ್ಪಷ್ಟವಾಗಿ ಕಂಡಿತು, ಕುಪ್ಪಸದ ಹುಕ್ಕಿನಷ್ಟು ದೊಡ್ಡದು. ಇಲ್ಲಿ ತೆಗೆಯಲಾಗದು, ಪುಣೆಗೆ ಒಯ್ಯಿರಿ, ಅನ್ನನಾಳದ ಬಾಯಲ್ಲೇ ಕೂತಿದೆ, ಒಂದು ಹನಿ ನೀರನ್ನೂ ಕೊಡಬೇಡಿ, ಅಳದ ಹಾಗೆ ನೋಡಿಕೊಳ್ಳಿ ಎಂದರು. ಅನ್ನನಾಳ ತೂತಾದರೆ ಎಂದು ಏನೋ ಹೇಳಹೊರಟವರು ತಂಗಿಯ ಮುಖ ನೋಡಿ ನಿಲ್ಲಿಸಿದರು.

ಎರಡೂವರೆ ತಾಸಿನ ದಾರಿ. ಅಳದ ಹಾಗೆ ನಾಲ್ಕು ವರ್ಷದ ಮಗುವನ್ನು ಹೇಗೆ ನೋಡಿಕೊಳ್ಳುತ್ತಾರೆ? ಅವನು ತಾಯಿಯ ತೊಡೆಯ ಮೇಲೆ ನೆಟ್ಟಗೆ ಕೂತಿದ್ದ. ಜೊಲ್ಲು ಇಳಿದಲ್ಲೆಲ್ಲ ಅವಳು ಸೆರಗಿನಿಂದ ಒರೆಸುತ್ತಿದ್ದಳು. ನಡುವೆ ಒಮ್ಮೆ ಜೊಲ್ಲಿನಲ್ಲಿ ಕೆಂಪು ಎಳೆ ಕಂಡಿತು. ಅವಳು ಅದನ್ನು ಯಾರಿಗೂ ತೋರಿಸದೆ ಸೆರಗು ಮಡಚಿಕೊಂಡಳು. ಹೊರಗೆ ಬಿಸಿಲು ಉರಿಯುತ್ತಿತ್ತು, ಲಾರಿಗಳು ಹಾದಿ ಬಿಡುತ್ತಿರಲಿಲ್ಲ. ಟೋಲ್ ನಾಕಾದ ಸಾಲಿನಲ್ಲಿ ನಾನು ಇಳಿದು ಮುಂದಿನ ಕಾರುಗಳ ಗಾಜು ಬಡಿಬಡಿದು ದಾರಿ ಕೇಳಿದೆ. ಒಬ್ಬನ ಕಾಲನ್ನೂ ಹಿಡಿದೆ. ಜನ್ಮದಲ್ಲಿ ಯಾರಿಗೂ ತಲೆ ಬಾಗದವನು ಎಂದು ನನಗೆ ನನ್ನ ಬಗ್ಗೆ ದೊಡ್ಡ ಹೆಮ್ಮೆಯಿತ್ತು.

"ಮಾಮಾ," ಎಂದ ಹುಡುಗ, ನಾನು ಮತ್ತೆ ಬಂದು ಕೂತಾಗ. ದನಿ ಗೊಗ್ಗರಾಗಿತ್ತು. "ಐಸ್ ಕೊಡು. ಬಾಯಾರ್ತದ."

ನಾನು ಕಿಟಕಿಯ ಕಡೆ ತಿರುಗಿದೆ. ದೇವರೇ, ಇವನ ಬದಲು ನನ್ನ ಗಂಟಲಿಗೆ ಹಾಕು, ಎಷ್ಟು ಬೇಕಾದರೂ ಹಾಕು ಎಂದುಕೊಂಡೆ. ಹಾಗೆ ಬೇಡಿಕೊಳ್ಳುವುದು ಎಷ್ಟು ಸುಲಭ ಎಂದೂ ಆಗಲೇ ಅನ್ನಿಸಿತು.

ಅಷ್ಟರಲ್ಲಿ ತಂಗಿಯ ಫೋನ್ ರಿಂಗಾಯಿತು. ಅವ್ವ. ಎತ್ತದಿದ್ದರೆ ಅವಳಿಗೆ ಗಾಬರಿಯಾಗುತ್ತದೆ. ತಂಗಿ ಎತ್ತಿದಳು.

"ಎಷ್ಟು ಬಿಟ್ರಿ?" ಎಂದಿತು ಅವ್ವನ ದನಿ, ಕಾರಿಗೆಲ್ಲ ಕೇಳುವ ಹಾಗೆ.

"ಭಾಳ ಬಿಟ್ವಿ ಅವ್ವಾ," ಎಂದಳು ನನ್ನ ತಂಗಿ, ದನಿ ಒಂದಿಷ್ಟೂ ಅಲುಗದಂತೆ. "ಎಲ್ಲಾವೂ ಬಿಟ್ವಿ."

ಹಿಂದಿನ ಸೀಟಿನ ಮೂಲೆಯಲ್ಲಿ ನನ್ನ ಮಗಳು ಮುದುಡಿಕೊಂಡಿದ್ದಳು. ಅವಳು ನನಗಷ್ಟೇ ಕೇಳುವ ಹಾಗೆ, "ಪಪ್ಪಾ, ತೂಗಿದಾಕಿ ನಾನಽ" ಎಂದಳು. ನಾನು ಅವಳ ಕೈ ಹಿಡಿದು, "ನಿಂದೇನೂ ತಪ್ಪಿಲ್ಲವಾ, ಕಟ್ಟಿದಾಂವ ನಾನು" ಎಂದೆ. ಗಟ್ಟಿಯಾಗಿ ಹೇಳಿದೆ, ಎಲ್ಲರಿಗೂ ಕೇಳಲಿ ಎಂದು.

ಪುಣೆಯ ಆಸ್ಪತ್ರೆ ಮುಟ್ಟಿದಾಗ ಸಂಜೆ ಐದಾಗಿತ್ತು. ಡಾಕ್ಟರಮ್ಮ ಎಕ್ಸ್‌ರೇ ನೋಡುತ್ತಲೇ ಮರಾಠಿಯಲ್ಲಿ ಕೇಳಿದರು, ಗಾಳಕ್ಕೆ ಹಿಂದಿನ ಮುಳ್ಳು ಇದೆಯೇ ಎಂದು. ಮುಳ್ಳು ಇಲ್ಲದಿದ್ದರೆ ಬಂದ ದಾರಿಯಲ್ಲೇ ಜಾರಿಸಿ ತೆಗೆಯಬಹುದು, ಇದ್ದರೆ ಎಳೆದಲ್ಲೆಲ್ಲ ಹರಿಯುತ್ತದೆ.

ತಂಗಿ ನನಗಿಂತ ಮೊದಲು ಮರಾಠಿಯಲ್ಲೇ ಬಾಯಿ ಹಾಕಿದಳು. "ಇಲ್ಲ ಇಲ್ಲ. ನಮ್ಮಣ್ಣ ಯಾವಾಗಲೂ ಮುಳ್ಳು ಒತ್ತಿರುತ್ತಾನೆ. ನಮ್ಮಪ್ಪನ ಕಾಲದಿಂದ ಹಾಗೇ."

ಆ ದಿನ ನಾನು ಹಲವು ಸಲ ಸತ್ತೆ. ಆದರೆ ಎಲ್ಲಕ್ಕಿಂತ ಕೆಟ್ಟ ಗಳಿಗೆ ಅದು. ಅಷ್ಟೆಲ್ಲ ಆದ ಮೇಲೂ ಅವಳು ನನ್ನ ಮೇಲೆ ಭರವಸೆ ಇಟ್ಟಿದ್ದಳು.

"ಈ ಸಲ ಒತ್ತಿಲ್ಲ" ಎಂದೆ. ಮರಾಠಿಯಲ್ಲಿ ಡಾಕ್ಟರಿಗೆ ಹೇಳಿದೆ, ಆಮೇಲೆ ಕನ್ನಡದಲ್ಲಿ ಅವಳಿಗೆ ಹೇಳಿದೆ. ಕೆರೆಯ ಯಾವುದೋ ಮೀನಿನ ಬಾಯಿ ಹರಿಯದಿರಲಿ ಎಂದು ಮೂವತ್ತು ವರ್ಷ ಮುಳ್ಳು ಒತ್ತಿದ ಮನೆ ನಮ್ಮದು.

ಹುಡುಗನಿಗೆ ಅರಿವಳಿಕೆ ಕೊಟ್ಟು ಒಳಗೆ ಒಯ್ದರು. ಒಂದು ತಾಸಿನ ಮೇಲಾಯಿತು. ಹೊರಗೆ ತಂಗಿ ಬರಿಗಾಲಲ್ಲಿ ನಿಂತಿದ್ದಳು. ನಾನು ನನ್ನ ಚಪ್ಪಲಿ ಬಿಚ್ಚಿ ಅವಳ ಮುಂದೆ ಇಟ್ಟೆ. ಅವಳು ಅವುಗಳ ಕಡೆ ನೋಡಲಿಲ್ಲ.

ತೆಗೆದರು. ಡಾಕ್ಟರಮ್ಮ ಹೊರಗೆ ಬಂದು ಹೇಳಿದರು, ಅದೃಷ್ಟ, ಮೊನೆ ಪೂರ್ತಿ ಇಳಿದಿರಲಿಲ್ಲ, ಒಂದು ಕಡೆ ಹರಿದಿದೆ, ಆದರೆ ಅನ್ನನಾಳ ತೂತಾಗಿಲ್ಲ. ಆರು ದಿನ ಮೂಗಿನ ನಳಿಕೆಯಿಂದ ಹಾಲು ಕೊಟ್ಟರು. ಏಳನೆಯ ದಿನ ಹುಡುಗ ಬಾಯಿಂದ ಗಂಜಿ ಕುಡಿದ. ಅವ್ವನಿಗೆ ಆಮೇಲೆ ಎಲ್ಲ ಹೇಳಿದೆವು. ಅವಳು ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ಉಂಡೆಯ ಡಬ್ಬಿಯನ್ನು ತಿಕ್ಕಿ ತೊಳೆದು ಅಟ್ಟದ ಮೇಲೆ ಇಟ್ಟಳು. ನಾನು ಅಪ್ಪನ ತಗಡಿನ ಡಬ್ಬಿಯಲ್ಲಿದ್ದ ಅಷ್ಟೂ ಗಾಳಗಳ ಮುಳ್ಳು ಒತ್ತಿದೆ, ಇನ್ನು ಯಾವತ್ತೂ ಅವುಗಳನ್ನು ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ.

ಎರಡು ತಿಂಗಳು ತಂಗಿ ನಮ್ಮ ಮನೆಗೆ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದಳು, ಮಗನ ಜೊತೆ. ಅವ್ವ ಮಲಗಿದ್ದಳು. ಮಕ್ಕಳಿಬ್ಬರೂ ಒಳಕೋಣೆಗೆ ಓಡಿದರು. ನಾನು ಚಹಾ ಮಾಡಿ ತಂದೆ. ತಂಗಿ ಲೋಟ ಮುಟ್ಟದೆ ಕೂತಿದ್ದಳು.

"ಅವತ್ತು ಏನ್ ಹುಡುಕ್ಲಿಕತ್ತೀ ಅಂತ ನಾ ಕೇಳಿದ್ದೆ. ನೆನಪದ ಏನು?"

"ಅದ."

"ಏನಿಲ್ಲ ಅಂದಿ."

"ಹೌದು."

"ಎಷ್ಟೊತ್ತು ಹುಡುಕಿದಿ?"

ಎರಡು ನಿಮಿಷ ಎಂದು ಹೇಳಬೇಕೆಂದು ಬಾಯಿ ತೆರೆದೆ. ಆ ಉತ್ತರವನ್ನು ಎರಡು ತಿಂಗಳಿಂದ ತಯಾರು ಮಾಡಿಟ್ಟುಕೊಂಡಿದ್ದೆ.

"ನೀ ಹುಡುಕೂದ್ರಾಗ ನಾ ಅವಂಗ ಎರಡು ಸಲ ನೀರು ಕುಡಿಸೇನಿ," ಎಂದಳು ಅವಳು. "ಒತ್ತಿ ಕುಡಿಸೇನಿ. ಅವಾ ಒಲ್ಲೆ ಅಂದ್ರೂ, ಕುಡಿ ನನ್ನ ರಾಜಾ, ಕುಡಿದ್ರ ಆರಾಮ ಆಗ್ತದ ಅಂತ. ನಿನಗ ಕೇಳಿಸಿತ್ತೇನು?"

"ಕೇಳಿಸಿತ್ತು" ಎಂದೆ.

ಅವಳು ಅಳಲಿಲ್ಲ. ತಲೆಯಾಡಿಸಿದಳು, ಕೇಳಬೇಕಾದದ್ದು ಅಷ್ಟೇ ಇತ್ತು ಎನ್ನುವ ಹಾಗೆ, ಮತ್ತು ಲೋಟ ಕೈಗೆ ತೆಗೆದುಕೊಂಡಳು.

ಆಗ ಒಳಗಿನಿಂದ ಹುಡುಗ ಓಡಿ ಬಂದ. ಎಲ್ಲಿಂದಲೋ ಒಂದು ಅಳತೆಪಟ್ಟಿ ಹುಡುಕಿ, ಅದರ ತುದಿಗೆ ದಾರ ಕಟ್ಟಿದ್ದ. ದಾರದ ಕೊನೆಯಲ್ಲಿ ಕಾಗದದ ಸಣ್ಣ ಉಂಡೆ.

"ಮಾಮಾ, ನೀ ಮೀನಾಗು" ಎಂದ.

ನನ್ನ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಹುಡುಗ ಮಾತ್ರ ನನ್ನ ಮುಖದ ಮುಂದೆ ದಾರ ತೂಗುತ್ತ ನಗುತ್ತಿದ್ದ. ತಂಗಿ ಲೋಟ ಕೆಳಗಿಟ್ಟಳು. ಕೈ ಚಾಚಿ, ತೂಗುತ್ತಿದ್ದ ದಾರವನ್ನು ಹಿಡಿದಳು. ಮೇಲಿನಿಂದ ಕೆಳಗಿನ ತನಕ ಎರಡು ಬೆರಳಿನಿಂದ ಸವರಿಕೊಂಡು ಬಂದಳು, ಕಾಗದದ ಉಂಡೆಯನ್ನು ಬಿಡಿಸಿ ನೋಡಿದಳು, ಮತ್ತೆ ಉಂಡೆ ಮಾಡಿ ಕಟ್ಟಿದಳು.

ಆಮೇಲೆ ದಾರವನ್ನು ಬಿಟ್ಟಳು. ನಾನು ಕೈ ಹಿಂದೆ ಕಟ್ಟಿಕೊಂಡು ಬಾಯಿ ತೆರೆದೆ.